ತಲೆಗೆ ಬಂದ ಚೆಂಡು

ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಗ್ಯಾಲರಿಯಲ್ಲಿ ಒಂದು ಮೂಲೆ ಇದೆ. ಲೀಗ್ ಪಂದ್ಯವಿರುವ ದಿನ ಆ ಮೂಲೆಯಲ್ಲಿ ಯಾರು ಯಾವ ಮೆಟ್ಟಿಲ ಮೇಲೆ ಕೂರುತ್ತಾರೆ ಎಂಬುದು ಕಡಲೆಕಾಯಿ ಮಾರುವ ಹುಡುಗನಿಗೂ ಬಾಯಿಪಾಠ. ಮೇಲಿನ ಮೆಟ್ಟಿಲು ಬ್ಯಾಂಕಿನಿಂದ ನಿವೃತ್ತರಾದ ಗುಮಾಸ್ತರದು. ಯಾವ ವರ್ಷ, ಯಾವ ಪಂದ್ಯದಲ್ಲಿ, ಯಾರು ಗೋಲು ಹೊಡೆದರು ಎಂಬುದನ್ನೆಲ್ಲ ಲೆಡ್ಜರಿನಂತೆ ತಲೆಯಲ್ಲಿಟ್ಟುಕೊಂಡವರು ಅವರು. ಅವರ ಕೆಳಗೆ ಆಸ್ಟಿನ್‌ಟೌನಿನ ಆಟೋ ಚಾಲಕ. ಪಂದ್ಯ ಮುಗಿಯುವವರೆಗೆ ಆತನ ಮೀಟರಿಗೆ ರಜೆ. ಕಾಲೇಜು ಬಿಡುವಿದ್ದ ದಿನ ಪಕ್ಕದಲ್ಲಿ ಅವನ ಮಗಳು, ಫಿಸಿಯೋಥೆರಪಿ ಓದುತ್ತಿದ್ದಾಳೆ. ಇವರೆಲ್ಲರ ನಡುವೆ, ಮೈದಾನದ ಮಧ್ಯಗೆರೆಗೆ ಸರಿಯಾಗಿ, ಕ್ಯಾಪ್ಟನ್.

ಕ್ಯಾಪ್ಟನ್ ಎಂದರೆ ಸೈನ್ಯದವರಲ್ಲ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂರೂವರೆ ದಶಕ ಲೇತ್ ಯಂತ್ರದ ಮುಂದೆ ನಿಂತವರು. ಅದರಲ್ಲಿ ಹದಿನಾಲ್ಕು ವರ್ಷ ಕಾರ್ಖಾನೆಯ ತಂಡಕ್ಕೆ ಸೆಂಟರ್ ಹಾಫ್, ಆರು ವರ್ಷ ನಾಯಕ. ಈಗ ಎಪ್ಪತ್ತೈದು ದಾಟಿದೆ. ಅವರ ಕಾಲದಲ್ಲಿ ಎತ್ತರದಲ್ಲಿ ಬಂದ ಚೆಂಡು ಅವರ ತಲೆ ದಾಟಿ ಹೋದದ್ದೇ ಅಪರೂಪ ಎಂದು ಗುಮಾಸ್ತರು ಇವತ್ತಿಗೂ ಸಾಕ್ಷಿ ನುಡಿಯುತ್ತಾರೆ. "ಅದು ಹಣೆಯಲ್ಲ ಸ್ವಾಮಿ, ಗೋಡೆ" ಎಂಬುದು ಅವರ ಮಾತು. ಆ ಮಾತು ಕೇಳಿದಾಗಲೆಲ್ಲ ಕ್ಯಾಪ್ಟನ್ ಹಣೆಯನ್ನೊಮ್ಮೆ ಸವರಿಕೊಳ್ಳುವುದುಂಟು.

ಆ ಶನಿವಾರ ಚರ್ಚೆಗೆ ಕಿಡಿ ಹೊತ್ತಿಸಿದವನು ಅವರ ಮೊಮ್ಮಗ. ಹತ್ತು ವರ್ಷದ ಪೋರ. ರಜೆಯ ತರಬೇತಿ ಶಿಬಿರ ಮುಗಿಸಿ, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡೇ ಗ್ಯಾಲರಿಗೆ ಬಂದಿದ್ದ.

"ತಾತ, ನಮ್ಮ ಕೋಚು ಇನ್ನೆರಡು ವರ್ಷ ಯಾರೂ ಹೆಡ್ ಮಾಡಬಾರದು ಅಂದ್ರು."

"ಯಾಕಂತೆ?"

"ತಲೆಗೆ ಒಳ್ಳೇದಲ್ವಂತೆ. ಬೇರೆ ದೇಶದಲ್ಲೂ ಸಣ್ಣ ಮಕ್ಕಳು ಮಾಡಲ್ವಂತೆ."

ಕ್ಯಾಪ್ಟನ್ ಕೈಯಲ್ಲಿದ್ದ ಕಡಲೆಕಾಯಿ ಸಿಪ್ಪೆಯನ್ನು ಕೆಳಗೆ ಒದರಿದರು. "ನೋಡ್ರಪ್ಪಾ, ಕಾಲ ಎಲ್ಲಿಗೆ ಬಂತು! ಇವತ್ತು ತಲೆಗೆ ಒಳ್ಳೇದಲ್ಲ. ನಾಳೆ ಕಾಲಿಗೂ ಒಳ್ಳೇದಲ್ಲ ಅಂತಾರೆ. ಆಮೇಲೆ ಇಪ್ಪತ್ತೆರಡು ಜನವೂ ಕೂತು ಚೌಕಾಬಾರ ಆಡೋದು!"

ಗ್ಯಾಲರಿ ನಕ್ಕಿತು. ಕೆಳಗೆ ಪಂದ್ಯ ಗೋಲಿಲ್ಲದೆ ಸಪ್ಪೆಯಾಗಿ ಸಾಗಿತ್ತು. ಹೀಗಾಗಿ ಬಾಯಿಗೆ ಕೆಲಸ ಬೇಕಿತ್ತು. ಆಟೋ ಚಾಲಕ ಕ್ಯಾಪ್ಟನ್ ಪಕ್ಷ ವಹಿಸಿದ. "ನಿಜ ಸಾರ್. ಈಗ ಮುಟ್ಟಿದರೆ ಮುನಿ. ಭುಜ ತಾಕಿದರೆ ಬಿದ್ದು ಹೊರಳಾಡ್ತಾರೆ, ರೆಫರಿ ಪೀಪಿ ಊದ್ತಾನೆ, ಜೇಬಿನಿಂದ ಕಾರ್ಡು ಹೊರಗೆ ಬರುತ್ತೆ. ಇದು ಫುಟ್‌ಬಾಲಾ?"

ಮೇಲಿನ ಮೆಟ್ಟಿಲಿನಿಂದ ಗುಮಾಸ್ತರು ಕನ್ನಡಕ ಸರಿಮಾಡಿಕೊಂಡರು. ಲೆಡ್ಜರ್ ತೆರೆಯಿತು ಎಂದು ಎಲ್ಲರಿಗೂ ತಿಳಿಯಿತು.

"ಈ ದೂರು ಹೊಸದಲ್ಲ ಕ್ಯಾಪ್ಟನ್ರೇ. 1863ರದ್ದು."

ಆ ವರ್ಷ ಲಂಡನ್ನಿನಲ್ಲಿ ಹಲವು ಕ್ಲಬ್ಬುಗಳ ಪ್ರತಿನಿಧಿಗಳು ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರು. ಎಲ್ಲರಿಗೂ ಒಂದೇ ನಿಯಮ ಬರೆಯಲು ಕುಳಿತಾಗ ದೊಡ್ಡ ಜಗಳ ಎದ್ದದ್ದು ಒಂದು ಸಣ್ಣ ಪ್ರಶ್ನೆಗೆ: ಎದುರಾಳಿಯ ಮೊಣಕಾಲ ಕೆಳಗೆ, ಮೂಳೆಗೇ ಬೂಟುಗಾಲಿನಿಂದ ಒದೆಯಬಹುದೇ, ಒದೆಯಬಾರದೇ? ಅದಕ್ಕೆ 'ಹ್ಯಾಕಿಂಗ್' ಎಂದು ಹೆಸರು. ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ಒದೆಯಲೇಬೇಕು ಎಂದರು. ಅದನ್ನು ತೆಗೆದರೆ ಆಟದ ಗಂಡಸುತನವೇ ಹೋಗುತ್ತದೆ, ಒಂದು ವಾರ ಅಭ್ಯಾಸ ಮಾಡಿದ ಫ್ರೆಂಚರು ಬಂದೂ ಸೋಲಿಸಿಬಿಟ್ಟಾರು ಎಂದು ಮೂದಲಿಸಿದರು. ಮತಕ್ಕೆ ಹಾಕಿದಾಗ ಸೋತು, ಸಭೆ ಬಿಟ್ಟು ಹೋದರು. ತಮಾಷೆಯೆಂದರೆ, 1871ರಲ್ಲಿ ಅವರೇ ಮುಂದೆ ನಿಂತು ಕಟ್ಟಿದ ರಗ್ಬಿ ಸಂಸ್ಥೆಯೂ ತನ್ನ ಮೊದಲ ನಿಯಮಾವಳಿಯಲ್ಲೇ ಹ್ಯಾಕಿಂಗನ್ನು ಕೈಬಿಟ್ಟಿತು.

"ಮುಂದೆ ಕೇಳಿ" ಎಂದರು ಗುಮಾಸ್ತರು. 1891ರಲ್ಲಿ ಪೆನಾಲ್ಟಿ ಒದೆತ ಬಂತು. ಸಭ್ಯರು ಬೇಕೆಂದೇ ಮೋಸ ಮಾಡುತ್ತಾರೆ ಎಂದು ನಿಯಮ ಬರೆಯುವುದೇ ಅವಮಾನ ಎಂದು ಹವ್ಯಾಸಿ ಆಟಗಾರರು ಮುಖ ಊದಿಸಿಕೊಂಡರು. 1970ರ ವಿಶ್ವಕಪ್ಪಿನಲ್ಲಿ ಹಳದಿ ಮತ್ತು ಕೆಂಪು ಕಾರ್ಡುಗಳು ಬಂದವು. ಅದೇ ವಿಶ್ವಕಪ್ಪಿನಲ್ಲಿ ಮೊದಲ ಬಾರಿಗೆ ಬದಲಿ ಆಟಗಾರರೂ ಬಂದರು. 1998ರಲ್ಲಿ, ಹಿಂದಿನಿಂದ ನುಗ್ಗಿ ಎದುರಾಳಿಯ ಕಾಲಿಗೆ ಅಪಾಯ ತರುವವನನ್ನು ನೇರ ಹೊರಗೆ ಕಳಿಸಿ ಎಂದು ಬರೆದರು. "ಪ್ರತಿಸಲವೂ ಆಟ ಸತ್ತಿತು ಎಂದು ಬಾಯಿ ಬಡಿದುಕೊಂಡವರು ಇದ್ದರು. ಆಟ ಸಾಯಲಿಲ್ಲ. ಈಗ ಪೆನಾಲ್ಟಿ ಬೇಡ ಅನ್ನಿ ನೋಡೋಣ, ಈ ಗ್ಯಾಲರಿಯೇ ಗೇಟು ಮುರಿಯುತ್ತೆ."

ಕ್ಯಾಪ್ಟನ್ ಸುಲಭಕ್ಕೆ ಸೋಲುವವರಲ್ಲ. ಅವರ ಬಳಿ ಒಂದು ಬ್ರಹ್ಮಾಸ್ತ್ರವಿತ್ತು. ವರ್ಷಕ್ಕೆ ನಾಲ್ಕು ಬಾರಿಯಾದರೂ ಅದನ್ನು ಪ್ರಯೋಗಿಸುತ್ತಿದ್ದರು.

"ಟ್ರೌಟ್‌ಮನ್ ಗೊತ್ತೇನಮ್ಮಾ ನಿನಗೆ?" ಎಂದು ಹುಡುಗಿಯ ಕಡೆ ತಿರುಗಿದರು.

ಗೊತ್ತಿದ್ದರೂ ಆಕೆ ಗೊತ್ತಿಲ್ಲದವಳಂತೆ ಕೂತಳು. ಬರ್ಟ್ ಟ್ರೌಟ್‌ಮನ್ ಜರ್ಮನಿಯವನು. ಯುದ್ಧಕೈದಿಯಾಗಿ ಇಂಗ್ಲೆಂಡಿಗೆ ಬಂದು, ಅಲ್ಲೇ ಉಳಿದು, ಮ್ಯಾಂಚೆಸ್ಟರ್ ಸಿಟಿಯ ಗೋಲ್‌ಕೀಪರ್ ಆದವನು. 1956ರ ಎಫ್.ಎ. ಕಪ್ ಫೈನಲ್. ಎದುರಾಳಿ ಬರ್ಮಿಂಗ್‌ಹ್ಯಾಮ್ ಸಿಟಿ. ಪಂದ್ಯ ಮುಗಿಯಲು ಸುಮಾರು ಹದಿನೇಳು ನಿಮಿಷ ಇರುವಾಗ ನುಗ್ಗಿ ಬಂದ ಆಟಗಾರನ ಕಾಲ ಬಳಿಗೆ ಹಾರಿ ಚೆಂಡು ಹಿಡಿದ. ಆತನ ಮೊಣಕಾಲು ಟ್ರೌಟ್‌ಮನ್ನನ ಕುತ್ತಿಗೆಗೆ ಬಡಿಯಿತು. ಎದ್ದ, ತೂರಾಡಿದ, ಮತ್ತೆ ಗೋಲಿನ ಮುಂದೆ ನಿಂತ. ಮತ್ತೂ ಚೆಂಡು ತಡೆದ. ಸಿಟಿ 3-1ರಿಂದ ಗೆದ್ದಿತು. ಕೆಲವು ದಿನದ ಮೇಲೆ ಎಕ್ಸ್‌ರೇ ತೆಗೆದಾಗ ಕುತ್ತಿಗೆಯ ಮೂಳೆ ಮುರಿದಿತ್ತು.

"ಮುರಿದ ಕುತ್ತಿಗೆ ಇಟ್ಕೊಂಡು ಕಪ್ಪು ಗೆದ್ದ. ಅವನು ಆಟಗಾರ!" ಕ್ಯಾಪ್ಟನ್ನರ ಕಣ್ಣು ಹೊಳೆಯಿತು.

ಹುಡುಗಿ ಮೆಲ್ಲಗೆ ಕೇಳಿದಳು. "ತಾತ, ಅವರು ಧೈರ್ಯದಿಂದ ಆಡಿದರಾ, ಬೇರೆ ದಾರಿ ಇಲ್ಲದೆ ಆಡಿದರಾ?"

"ಎರಡೂ" ಎಂದರು ಗುಮಾಸ್ತರು. "ಆಗ ಬದಲಿ ಆಟಗಾರ ಎಂಬುದೇ ಇರಲಿಲ್ಲ. ಅವನು ಹೊರಗೆ ಹೋದರೆ ಹತ್ತು ಜನ. ಬೇರೆ ಯಾರನ್ನಾದರೂ ಗೋಲಿಗೆ ನಿಲ್ಲಿಸಬೇಕಿತ್ತು."

"ಬದಲಿ ಇದ್ದಿದ್ದರೂ ಅವನು ಹೋಗ್ತಿರಲಿಲ್ಲ" ಎಂದರು ಕ್ಯಾಪ್ಟನ್, ಖಂಡತುಂಡವಾಗಿ.

"ಅದೇ ತಾತ ನಾನು ಹೇಳೋದೂ. ಅವರು ಹೋಗ್ತಿರಲಿಲ್ಲ. ಅದಕ್ಕೇ ಅವರನ್ನ ಕೇಳಬಾರದು."

ಕೇಳಬಾರದೆ? ಆಟಗಾರನ ಮೈ, ಆಟಗಾರನ ನೋವು. ಅವನನ್ನು ಕೇಳದೆ ಇನ್ಯಾರನ್ನು ಕೇಳುವುದು? ಆಟೋ ಚಾಲಕನಿಗೂ ತನ್ನ ಮಗಳ ಮಾತು ವಿಚಿತ್ರವಾಗಿ ಕಂಡಿತು. ಆಕೆ 2014ರ ವಿಶ್ವಕಪ್ ಫೈನಲನ್ನು ನೆನಪಿಸಿದಳು. ಆ ಗ್ಯಾಲರಿಯವರೆಲ್ಲ ರಾತ್ರಿ ನಿದ್ದೆಗೆಟ್ಟು ಟಿ.ವಿ.ಯಲ್ಲಿ ನೋಡಿದ್ದ ಪಂದ್ಯ ಅದು. ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್ ಎಂಬ ಹುಡುಗನ ಮುಖಕ್ಕೆ ಅರ್ಜೆಂಟೀನಾದ ಆಟಗಾರನ ಭುಜ ಬಡಿಯಿತು. ಆಗ ಹದಿನೇಳನೆಯ ನಿಮಿಷ. ಕ್ರಾಮರ್ ಎದ್ದು ಓಡಿದ, ಚೆಂಡು ಒದ್ದ, ಸುಮಾರು ಕಾಲು ಗಂಟೆ ಆಡಿಯೇ ಆಡಿದ. ನೋಡಿದವರಿಗೆ ಏನೂ ಆಗಿರಲಿಲ್ಲ. ಕೊನೆಗೆ ರೆಫರಿಯ ಬಳಿ ಬಂದು, ಇದು ಫೈನಲ್ ಪಂದ್ಯವೇ ಎಂದು ಕೇಳಿದನಂತೆ! ರೆಫರಿ ಗಾಬರಿಯಾಗಿ ತಂಡದವರಿಗೆ ತಿಳಿಸಿದರು. ಮೂವತ್ತೊಂದನೆಯ ನಿಮಿಷಕ್ಕೆ ಅವನನ್ನು ಹೊರಗೆ ಕರೆದೊಯ್ದರು. ಆ ಆಟ ತನಗೆ ನೆನಪೇ ಇಲ್ಲ ಎಂದು ಅವನು ಆಮೇಲೆ ಹೇಳಿಕೊಂಡ. ವಿಶ್ವಕಪ್ ಗೆದ್ದ ತಂಡದಲ್ಲಿದ್ದೂ ಆ ಪಂದ್ಯ ಅವನ ಪಾಲಿಗೆ ಖಾಲಿ ಹಾಳೆ.

"ಕಾಲು ಮುರಿದರೆ ತಲೆ ಹೇಳುತ್ತೆ, ಕಾಲು ಮುರಿದಿದೆ ಅಂತ. ತಲೆಗೇ ಪೆಟ್ಟು ಬಿದ್ದರೆ ಯಾರು ಹೇಳಬೇಕು ತಾತ? ಪೆಟ್ಟು ಬಿದ್ದಿರೋದು ಗೊತ್ತುಮಾಡಿಕೊಳ್ಳೋ ಜಾಗಕ್ಕೇ."

ಕ್ಯಾಪ್ಟನ್ ಸುಮ್ಮನಾಗಲಿಲ್ಲ. "ಹಾಗಾದರೆ ಆ ಚೆಕ್ ಹಾಕ್ಕೋತಿದ್ದನಲ್ಲ, ಹಾಗೆ ಎಲ್ಲರಿಗೂ ಒಂದೊಂದು ಟೋಪಿ ಹೊಲಿಸಿಬಿಡಿ. ತಲೆಗೆ ಬಂದದ್ದು ಮುಂಡಾಸಿಗೆ ಹೋಗುತ್ತೆ."

ಪೀಟರ್ ಚೆಕ್ ಚೆಲ್ಸಿ ತಂಡದ ಗೋಲ್‌ಕೀಪರ್. 2006ರಲ್ಲಿ ಎದುರಾಳಿಯ ಮೊಣಕಾಲು ಬಡಿದು ತಲೆಬುರುಡೆ ಬಿರಿದಿತ್ತು. ಗುಣವಾಗಿ ಮರಳಿದವನು 2019ರಲ್ಲಿ ನಿವೃತ್ತನಾಗುವವರೆಗೂ ಮೆತ್ತನೆಯ ರಕ್ಷಾಟೋಪಿ ತೊಟ್ಟೇ ಆಡಿದ. ಆದರೆ ಗಾದೆ ಎಲ್ಲ ತಲೆಗೂ ಸಲ್ಲುವುದಿಲ್ಲ. ಹುಡುಗಿಯ ತಾಯಿಯ ತವರು ತಿಪಟೂರು. ಅವಳಿಗೆ ಹೋಲಿಕೆ ಹುಡುಕಲು ದೂರ ಹೋಗಬೇಕಾಗಲಿಲ್ಲ.

"ಅಜ್ಜಿ ಮನೆಯ ಅಟ್ಟದ ಮೇಲೆ ಕಾಯಿ ಒಣಗಿ ಗಿಟುಕು ಆಗಿರುತ್ತಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತೆ. ಚಿಪ್ಪು ಗಟ್ಟಿಯಾಗೇ ಇರುತ್ತೆ. ಒಳಗಿನ ಕೊಬ್ಬರಿ ಮಾತ್ರ ಗೋಡೆಗೆ ಬಡೀತಾ ಇರುತ್ತೆ. ಚಿಪ್ಪಿಗೆ ಬಟ್ಟೆ ಸುತ್ತಿದರೆ ಚಿಪ್ಪು ಒಡೆಯಲ್ಲ. ಕೊಬ್ಬರಿ ಬಡಿಯೋದು ನಿಲ್ಲುತ್ತಾ?"

ಮಿದುಳು ಕೊಬ್ಬರಿಯಷ್ಟೂ ಗಟ್ಟಿಯಲ್ಲ. ಗಿಣ್ಣಿನ ಹಾಗೆ ಮೆತ್ತಗೆ, ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋ ತೂಕ. ಬುರುಡೆಯೊಳಗೆ ನೀರಿನಂಥ ದ್ರವದಲ್ಲಿ ತೇಲಿಕೊಂಡಿರುತ್ತದೆ. ಓಡುತ್ತಿದ್ದ ಬಸ್ಸು ಗಕ್ಕನೆ ನಿಂತಾಗ ಒಳಗಿದ್ದವರು ಮುಂದಕ್ಕೆ ಮುಗ್ಗರಿಸುವಂತೆ, ತಲೆ ಗಕ್ಕನೆ ನಿಂತರೆ ಮಿದುಳು ಮುಂದಕ್ಕೆ ಸರಿಯುತ್ತದೆ. ತಲೆ ಓರೆಯಾಗಿ ತಿರುಗಿದರೆ ಇನ್ನೂ ಕೆಟ್ಟದ್ದು. ಒಳಗಿನ ನರತಂತುಗಳು ಹಿಂಡಿದ ಬಟ್ಟೆಯ ಎಳೆಗಳಂತೆ ಹಿಗ್ಗುತ್ತವೆ. ಹೊರಗೆ ರಕ್ತವಿಲ್ಲ, ಬಾವಿಲ್ಲ. ಪ್ರಜ್ಞೆ ತಪ್ಪಲೇಬೇಕೆಂದೂ ಇಲ್ಲ. ಆ ಪೆಟ್ಟು ಮಾಗುವ ಮೊದಲೇ ಇನ್ನೊಂದು ಬಿದ್ದರೆ ಅಪಾಯ ಬಹಳ.

"ನಮ್ಮ ಕಾಲದ ಚೆಂಡು ತೊಗಲಿನದು" ಎಂದರು ಕ್ಯಾಪ್ಟನ್. "ಮಳೆ ಬಂದರೆ ನೀರು ಕುಡಿದು ಕಲ್ಲಾಗ್ತಿತ್ತು. ಹೊಲಿಗೆ ಹಣೆಗೆ ತಾಗಿದರೆ ಗೀರು ಬೀಳ್ತಿತ್ತು. ಈಗಿನದು ಹತ್ತಿ. ಅದಕ್ಕೆ ಇಷ್ಟು ರಂಪಾಟವೇ?"

ಇದರಲ್ಲಿ ಅರ್ಧ ಸತ್ಯವಿದೆ. ಒಣ ಚೆಂಡಿನ ತೂಕ ಅಂದಿಗೂ ಇಂದಿಗೂ ಹೆಚ್ಚುಕಡಮೆ ಒಂದೇ. ನಿಯಮದ ಪ್ರಕಾರ 410ರಿಂದ 450 ಗ್ರಾಂ. ಈಗಿನದು ನೀರು ಹೀರುವುದಿಲ್ಲ, ನಿಜ. ಆದರೆ ಹಗುರವಾಗಿ ಉಳಿದ ಚೆಂಡು ಹೆಚ್ಚು ವೇಗವಾಗಿ ಬರುತ್ತದೆ. ತೂಕ ಎರಡರಷ್ಟಾದರೆ ಚೆಂಡು ಹೊತ್ತು ತರುವ ಶಕ್ತಿ ಎರಡರಷ್ಟಾಗುತ್ತದೆ. ವೇಗ ಎರಡರಷ್ಟಾದರೆ ನಾಲ್ಕರಷ್ಟು. ಹತ್ತನೆಯ ತರಗತಿಯ ಮಕ್ಕಳೂ ಬಿಡಿಸುವ ಲೆಕ್ಕ ಇದು.

ಗುಮಾಸ್ತರು ಮತ್ತೆ ಬಾಯಿ ತೆರೆದರು. ಈ ಸಲ ಅವರ ದನಿ ತಗ್ಗಿತ್ತು. ಜೆಫ್ ಆಸಲ್ ಎಂಬ ಇಂಗ್ಲೆಂಡಿನ ಆಟಗಾರ, ವೆಸ್ಟ್ ಬ್ರಾಮ್‌ವಿಚ್ ತಂಡದ ಮುನ್ನಡೆ ಆಟಗಾರ. 1968ರ ಎಫ್.ಎ. ಕಪ್ ಫೈನಲಿನಲ್ಲಿ ಗೆಲುವಿನ ಗೋಲು ಹೊಡೆದವನು. ತಲೆಯಿಂದ ಹೊಡೆಯುವುದರಲ್ಲಿ ಅವನ ಸಮಾನರಿಲ್ಲ ಎನ್ನುತ್ತಿದ್ದರು. 2002ರಲ್ಲಿ, ಐವತ್ತೊಂಬತ್ತರ ಪ್ರಾಯದಲ್ಲಿ, ಮರೆವಿನ ರೋಗದಿಂದ ತೀರಿಕೊಂಡ. ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ಕೊಟ್ಟ ತೀರ್ಪು 'ಕಸುಬಿನಿಂದ ಬಂದ ರೋಗ'. ಗಣಿಯವನ ಶ್ವಾಸಕೋಶಕ್ಕೆ ಧೂಳು ಹೇಗೋ, ಇವನ ಮಿದುಳಿಗೆ ಚೆಂಡು ಹಾಗೆ. 2014ರಲ್ಲಿ ಅವನ ಮಿದುಳನ್ನು ಮತ್ತೆ ಪರೀಕ್ಷಿಸಿದಾಗ, ತಲೆಗೆ ಪದೇಪದೇ ಪೆಟ್ಟು ತಿಂದ ಬಾಕ್ಸರುಗಳಲ್ಲಿ ಕಾಣುವ ಬಗೆಯ ಹಾನಿ ಕಂಡಿತು.

ಆಮೇಲೆ ಗ್ಲಾಸ್ಗೋದ ವಿಜ್ಞಾನಿಗಳು ದೊಡ್ಡ ಲೆಕ್ಕವನ್ನೇ ತೆಗೆದರು. 2019ರಲ್ಲಿ ಪ್ರಕಟವಾದ ಅಧ್ಯಯನ ಅದು. ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರನ್ನು ಇಪ್ಪತ್ಮೂರು ಸಾವಿರಕ್ಕೂ ಹೆಚ್ಚು ಸಾಮಾನ್ಯ ಜನರ ಜೊತೆ ಹೋಲಿಸಿ ನೋಡಿದರು. ಹೃದಯದ ಕಾಯಿಲೆಯಿಂದ ಸತ್ತವರು ಆಟಗಾರರಲ್ಲಿ ಕಡಮೆ, ಓಡಿದ ಪುಣ್ಯ. ಆದರೆ ಮಿದುಳು ಸವೆಯುವ ರೋಗಗಳಿಂದ ಸಾವು ಸುಮಾರು ಮೂರೂವರೆ ಪಟ್ಟು ಹೆಚ್ಚು. ಎರಡು ವರ್ಷದ ಬಳಿಕ ಅದೇ ತಂಡ ಆಟಗಾರರ ಸ್ಥಾನವನ್ನೂ ನೋಡಿತು. ಚೆಂಡಿಗೆ ತಲೆ ಕೊಡುವುದು ಅಪರೂಪವಾದ ಗೋಲ್‌ಕೀಪರುಗಳಲ್ಲಿ ಈ ಅಪಾಯ ಸಾಮಾನ್ಯರಷ್ಟೇ. ಅತಿ ಹೆಚ್ಚು ಇದ್ದದ್ದು ರಕ್ಷಣಾ ಆಟಗಾರರಲ್ಲಿ.

ರಕ್ಷಣಾ ಆಟಗಾರ ಎಂದರೆ ಸೆಂಟರ್ ಹಾಫ್ ಕೂಡ. ಹೇಳಿ ಮುಗಿಸಿದ ಮೇಲೆ ಗುಮಾಸ್ತರಿಗೆ ಅದು ಹೊಳೆಯಿತು. ನಾಲಿಗೆ ಕಚ್ಚಿಕೊಂಡರು.

"ನನಗೇನಾಗಿದೆ?" ಎಂದರು ಕ್ಯಾಪ್ಟನ್. "ಹದಿನಾಲ್ಕು ವರ್ಷ ಹೆಡ್ ಮಾಡಿದೀನಿ. ಚೆನ್ನಾಗೇ ಇದೀನಲ್ಲ."

ಯಾರೂ ಉತ್ತರಿಸಲಿಲ್ಲ. ಎಲ್ಲರೂ ಮೈದಾನ ನೋಡಿದರು. ಎರಡು ತಿಂಗಳ ಹಿಂದೆ ಪಂದ್ಯ ಮುಗಿದ ಮೇಲೆ, ಮೂವತ್ತು ವರ್ಷದಿಂದ ವಿವೇಕನಗರದ ಮನೆಗೆ ನಡೆದೇ ಹೋಗುವ ಕ್ಯಾಪ್ಟನ್, ಗೇಟಿನ ಹೊರಗೆ ನಿಂತು ಆಚೀಚೆ ನೋಡಿ, ಬ್ರಿಗೇಡ್ ರಸ್ತೆಯ ಕಡೆ ನಡೆದಿದ್ದರು. ಆಟೋ ಚಾಲಕ ನೋಡಿ ಕರೆತಂದಿದ್ದ. "ಕಾಫಿ ಕುಡಿಯೋಣ ಅಂತ ಹೋಗ್ತಿದ್ದೆ" ಎಂದಿದ್ದರು. ಈ ದಿನವೂ ವಿರಾಮಕ್ಕೆ ಮೊದಲು ಎರಡು ಸಲ, ಆಡುತ್ತಿರುವ ತಂಡಗಳು ಯಾವುವು ಎಂದು ಕೇಳಿದ್ದರು. ಎರಡು ಸಲವೂ ಮೊಮ್ಮಗ ಹೇಳಿದ್ದ.

ಇದು ಚೆಂಡಿನ ಕೆಲಸವೋ, ವಯಸ್ಸಿನ ಕೆಲಸವೋ, ಇನ್ನಾವುದೋ? ಒಬ್ಬ ಮನುಷ್ಯನನ್ನು ಎದುರಿಗಿಟ್ಟುಕೊಂಡು ಅದನ್ನು ಹೇಳಲು ಯಾವ ಅಧ್ಯಯನಕ್ಕೂ ಆಗುವುದಿಲ್ಲ. ಸಾವಿರಾರು ಜನರ ಲೆಕ್ಕ ಸಾವಿರಾರು ಜನರ ಬಗೆಗೆ ಹೇಳುತ್ತದೆ. ಫುಟ್‌ಬಾಲನ್ನು ಮುಟ್ಟದವರೂ ದಾರಿ ಮರೆಯುತ್ತಾರೆ. ಜೀವನವೆಲ್ಲ ಹೆಡ್ ಮಾಡಿದವರು ತೊಂಬತ್ತರಲ್ಲೂ ಪಂಚಾಂಗ ಒಪ್ಪಿಸುತ್ತಾರೆ. ಹುಡುಗಿಗೆ ಇದು ಗೊತ್ತಿತ್ತು. ಅದಕ್ಕೇ ಅವಳು ಕ್ಯಾಪ್ಟನ್ ವಿಷಯಕ್ಕೆ ಬಾಯಿ ಹಾಕಲಿಲ್ಲ. ನಿಯಮದ ವಿಷಯಕ್ಕೆ ಮರಳಿದಳು.

ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಹೆಡ್ಡಿಂಗ್ ಬೇಡ ಎಂದಿತು. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್ 2020ರಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನವರ ತರಬೇತಿಯಿಂದ ಅದನ್ನು ತೆಗೆದವು. 2021ರಿಂದ ಇಂಗ್ಲೆಂಡಿನ ವೃತ್ತಿಪರ ಆಟಗಾರರಿಗೂ, ಜೋರಾದ ಹೊಡೆತಗಳು ವಾರದ ಅಭ್ಯಾಸದಲ್ಲಿ ಹತ್ತನ್ನು ಮೀರದಿರಲಿ ಎಂಬ ಸಲಹೆ ಬಂತು. ಆಟದ ಕಾನೂನು ಬರೆಯುವ ಅಂತರರಾಷ್ಟ್ರೀಯ ಮಂಡಳಿ 2021ರಲ್ಲಿ ಒಂದು ಪ್ರಯೋಗ ಮಾಡಿ, 2024ರ ಜುಲೈನಿಂದ ಅದನ್ನು ನಿಯಮದ ಪುಸ್ತಕಕ್ಕೇ ಸೇರಿಸಿತು: ತಲೆಗೆ ಪೆಟ್ಟು ಬಿದ್ದ ಶಂಕೆ ಇದ್ದರೆ, ಮಾಮೂಲಿ ಬದಲಿಗಳ ಲೆಕ್ಕಕ್ಕೆ ಸೇರದಂತೆ, ಒಬ್ಬ ಹೆಚ್ಚುವರಿ ಆಟಗಾರನನ್ನು ಇಳಿಸಬಹುದು. ಹೊರಗೆ ಹೋದವನು ಆ ಪಂದ್ಯಕ್ಕೆ ಮರಳುವಂತಿಲ್ಲ. ಎದುರಾಳಿಗೂ ಒಂದು ಹೆಚ್ಚುವರಿ ಬದಲಿ ಸಿಗುತ್ತದೆ. ಪಂದ್ಯಾವಳಿ ನಡೆಸುವವರು ಬೇಕೆಂದರೆ ಇದನ್ನು ಜಾರಿಗೆ ತರಬಹುದು.

"ಬೇಕೆಂದರೆ!" ಆಟೋ ಚಾಲಕ ನಕ್ಕ. ಈವರೆಗೆ ಕ್ಯಾಪ್ಟನ್ ಪಕ್ಷದಲ್ಲಿದ್ದವನು ಈಗ ಯಾವ ಪಕ್ಷಕ್ಕೂ ಸೇರದ ಮಾತು ಆಡಿದ. "ಪುಸ್ತಕದಲ್ಲಿ ಬರೆದುಬಿಟ್ಟರೆ ಆಯ್ತೇನಮ್ಮಾ? ನಿನಗೆ 2012 ನೆನಪಿಲ್ಲ, ಚಿಕ್ಕವಳಿದ್ದೆ."

ಆ ವರ್ಷ ಮಾರ್ಚ್ 21ರಂದು ಬೆಂಗಳೂರಿನ ಎ ಡಿವಿಷನ್ ಲೀಗ್ ಪಂದ್ಯದಲ್ಲಿ ಬೆಂಗಳೂರು ಮಾರ್ಸ್ ತಂಡದ ಡಿ. ವೆಂಕಟೇಶ್ ಕುಸಿದು ಬಿದ್ದ. ಇಪ್ಪತ್ತೇಳರ ಯುವಕ. ಹೃದಯ ನಿಂತಿತ್ತು. ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಅವನನ್ನು ಆಸ್ಪತ್ರೆಗೆ ಒಯ್ದದ್ದು ಆಟೋರಿಕ್ಷಾದಲ್ಲಿ. ಬದುಕಲಿಲ್ಲ.

ಅದಕ್ಕೆ ನಾಲ್ಕೇ ದಿನ ಹಿಂದೆ, ಮಾರ್ಚ್ 17ರಂದು, ಲಂಡನ್ನಿನಲ್ಲಿ ಬೋಲ್ಟನ್ ತಂಡದ ಫ್ಯಾಬ್ರಿಸ್ ಮುವಾಂಬಾ ಹೀಗೇ ಕುಸಿದಿದ್ದ. ವೈದ್ಯರು ಮೈದಾನದಲ್ಲೇ ಇದ್ದರು. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಪೆಟ್ಟಿಗೆ ಇತ್ತು. ಗ್ಯಾಲರಿಯಲ್ಲಿ ಪಂದ್ಯ ನೋಡುತ್ತಿದ್ದ ಹೃದ್ರೋಗ ತಜ್ಞರೊಬ್ಬರು ಎದ್ದು ಓಡಿಬಂದರು. ಮುವಾಂಬಾನ ಹೃದಯ ತನ್ನಷ್ಟಕ್ಕೆ ಬಡಿಯದೆ 78 ನಿಮಿಷ ಕಳೆಯಿತು. ಬದುಕಿದ.

"ಪೇಪರಿನಲ್ಲಿ ಎರಡನ್ನೂ ಓದಿದೆ" ಎಂದ ಆಟೋ ಚಾಲಕ. "ನನ್ನ ಗಾಡಿಯಲ್ಲಿ ಮೂರು ಜನ ಕೂರಬಹುದು. ಒಬ್ಬನನ್ನ ಮಲಗಿಸೋಕೆ ಜಾಗ ಇಲ್ಲ. ಆ ದಿನ ಪೂರ್ತಿ ಹಿಂದಿನ ಸೀಟು ನೋಡ್ತಾ ಇದ್ದೆ."

ಅವನ ಮಾತಿನ ಅರ್ಥ ಮಗಳಿಗೆ ಮಾತ್ರ ಪೂರ್ತಿಯಾಗಿ ಆಯಿತು. ನಿಂತ ಹೃದಯದ ಮೇಲೆ ಕೈಯಿಟ್ಟು ಒತ್ತಬೇಕಾದರೆ ಮನುಷ್ಯನನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಬೇಕು. ವಿದ್ಯುತ್ ಆಘಾತ ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ. ಆಟೋದ ಸೀಟಿನಲ್ಲಿ ಕುಕ್ಕರಿಸಿ ಕೂರಿಸಿದ ದೇಹಕ್ಕೆ ಟ್ರಾಫಿಕ್ಕಿನ ನಡುವೆ ಯಾರೂ ಏನೂ ಮಾಡಲಾರರು.

ಗುಮಾಸ್ತರು ಇನ್ನೊಂದು ಪುಟ ತಿರುಗಿಸಿದರು. ಅಲ್ಲಿಗೆ ಹೆಚ್ಚು ದೂರವಿಲ್ಲದ ಕಂಠೀರವ ಕ್ರೀಡಾಂಗಣ, 2004ರ ಡಿಸೆಂಬರ್ 5. ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ ತಂಡಕ್ಕೆ ಆಡುತ್ತಿದ್ದ ಬ್ರೆಜಿಲಿನ ಕ್ರಿಸ್ಟಿಯಾನೊ ಜೂನಿಯರ್ ಮೋಹನ್ ಬಾಗಾನ್ ವಿರುದ್ಧ ತನ್ನ ಎರಡನೆಯ ಗೋಲು ಹೊಡೆದ. ಅದೇ ಕ್ಷಣದಲ್ಲಿ ಗೋಲ್‌ಕೀಪರಿಗೆ ಡಿಕ್ಕಿಯಾಗಿ ಬಿದ್ದವನು ಮತ್ತೆ ಏಳಲಿಲ್ಲ. ಡೆಂಪೊ 2-0ರಿಂದ ಗೆದ್ದಿತು. ಆಟಗಾರನಿಗೆ ಇಪ್ಪತ್ತೈದು ವರ್ಷ. ತಕ್ಷಣದ ಚಿಕಿತ್ಸೆಯ ಏರ್ಪಾಡು ಸಾಲದಾಗಿತ್ತು ಎಂಬ ದೂರು ಆಗಲೂ ಎದ್ದಿತ್ತು. ಎದ್ದು, ಎಂಟು ವರ್ಷ ಮಲಗಿತ್ತು.

"ಹ್ಯಾಕಿಂಗ್ ಬೇಡ ಅಂದಾಗ ಆಟ ಕೆಡಲಿಲ್ಲ, ಕಾರ್ಡು ಬಂದಾಗ ಕೆಡಲಿಲ್ಲ" ಎಂದರು ಗುಮಾಸ್ತರು. "ಗೇಟಿನ ಹತ್ತಿರ ಒಂದು ಗಾಡಿ, ಬೆಂಚಿನ ಕೆಳಗೆ ಒಂದು ಪೆಟ್ಟಿಗೆ, ಪೆಟ್ಟಿಗೆ ತೆರೆಯಲು ಬರುವ ಒಬ್ಬ ಮನುಷ್ಯ ಇದ್ದರೆ ಯಾವ ಆಟದ ಯಾವ ರುಚಿ ಕೆಡುತ್ತೆ?"

ಕ್ಯಾಪ್ಟನ್ ಇದಕ್ಕೆ ಎದುರು ಹೇಳಲಿಲ್ಲ. ಬಹಳ ಹೊತ್ತು ಮೈದಾನ ನೋಡುತ್ತಿದ್ದರು. ಆಮೇಲೆ ತಮಗೆ ತಾವೇ ಎಂಬಂತೆ ಹೇಳಿದರು. "ಒಂದು ಸಲ ಗೋಲಿನ ಕಂಬಕ್ಕೆ ತಲೆ ಬಡೀತು. ಕಾರ್ಖಾನೆ ಪಂದ್ಯ. ಆಚೆ ಬಾ ಅಂದರು. ನಾನು ಬರಲಿಲ್ಲ. ಪೂರ್ತಿ ಆಡಿದೆ. ಗೆದ್ದೆವು." ಸ್ವಲ್ಪ ತಡೆದು, "ಗೆದ್ದೆವು ಅಂತ ಇವರು ಹೇಳಿದ್ದು" ಎಂದು ಗುಮಾಸ್ತರ ಕಡೆ ಬೆರಳು ತೋರಿದರು.

ಗುಮಾಸ್ತರ ಲೆಡ್ಜರಿನಲ್ಲಿ ಆ ಪಂದ್ಯ ಇತ್ತು. ಅಂಕವೂ ಇತ್ತು. ಆದರೆ ಅವರು ಅದನ್ನು ಓದಲಿಲ್ಲ.

ಪಂದ್ಯ ಕೊನೆಯ ಹತ್ತು ನಿಮಿಷದಲ್ಲಿ ಜೀವ ಪಡೆಯಿತು. ಮೂಲೆಯಿಂದ ಬಂದ ಒದೆತಕ್ಕೆ ನೀಳಕಾಯದ ಹುಡುಗನೊಬ್ಬ ಹಾರಿ ತಲೆ ಕೊಟ್ಟ. ಚೆಂಡು ಬಲೆ ಸೇರಿತು. ಗ್ಯಾಲರಿ ಎದ್ದು ಕೂಗಿತು. ಕ್ಯಾಪ್ಟನ್ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಹುಡುಗಿಯೂ ತಟ್ಟಿದಳು. ಒಳ್ಳೆಯ ಹೆಡ್ಡಿಂಗ್ ಒಳ್ಳೆಯದೇ. ಅದಕ್ಕೆ ಖುಷಿಪಡದವರು ಆ ಮೂಲೆಯಲ್ಲಿ ಕೂರುವವರೇ ಅಲ್ಲ.

ಜನ ಕರಗಿದ ಮೇಲೆ ಗೇಟಿನ ಹೊರಗಿನ ಜಾಗದಲ್ಲಿ ಮೊಮ್ಮಗ ಚೆಂಡನ್ನು ತಾತನ ಕೈಗಿತ್ತು ನಾಲ್ಕು ಮಾರು ದೂರ ನಿಂತ. ಅದು ಅವರಿಬ್ಬರ ಹಳೆಯ ಆಟ. ತಾತ ಎತ್ತರಕ್ಕೆ ಎಸೆಯಬೇಕು, ಹುಡುಗ ಹಣೆಯಿಂದ ಮರಳಿಸಬೇಕು. ಕ್ಯಾಪ್ಟನ್ ಚೆಂಡನ್ನು ಅಂಗೈಯಲ್ಲಿ ಒಂದೆರಡು ಸಲ ತಿರುಗಿಸಿದರು. ಎಸೆದರು. ಚೆಂಡು ಮೇಲೇರಿ ಇಳಿಯುತ್ತಿರುವಾಗ ಕೂಗಿದರು.

"ಎದೆಗೆ ತಗೋ!"

ಹುಡುಗ ಎದೆಯೊಡ್ಡಿದ. ಚೆಂಡು ಅವನ ಕಾಲ ಬಳಿ ಮೆತ್ತಗೆ ಬಿತ್ತು.

ಆಟೋ ಚಾಲಕ ಗಾಡಿಯನ್ನು ಅವರ ಮುಂದೆಯೇ ತಂದು ನಿಲ್ಲಿಸಿದ. "ಹತ್ತಿ ಸಾರ್. ಇನ್ನು ಮೇಲೆ ಪಂದ್ಯ ಮುಗಿದ ಮೇಲೆ ನಾನೇ ಬಿಡೋದು."

"ನಂಗೆ ದಾರಿ ಗೊತ್ತಪ್ಪಾ."

"ಗೊತ್ತು ಸಾರ್. ಆದರೂ ಇದು ನಿಯಮ."

"ಯಾವ ನಿಯಮ? ಯಾರು ಮಾಡಿದ್ದು?"

"ಗ್ಯಾಲರಿ ಮಾಡಿದ್ದು" ಎಂದರು ಗುಮಾಸ್ತರು. "ಆಟಗಾರನನ್ನ ಕೇಳೋ ಹಾಗಿಲ್ಲ."

ಕ್ಯಾಪ್ಟನ್ ಗೊಣಗಿದರು. ಆಟ ಕೆಟ್ಟಿತು ಎಂದರು. ಆದರೆ ಹತ್ತಿ ಕುಳಿತರು. ಒಂದು ಪಕ್ಕಕ್ಕೆ ಹುಡುಗಿ, ಇನ್ನೊಂದು ಪಕ್ಕಕ್ಕೆ ಚೆಂಡು ಹಿಡಿದ ಮೊಮ್ಮಗ. ಆಟೋ ವಿವೇಕನಗರದ ಕಡೆ ತಿರುಗಿತು. ಮೀಟರು ಬೀಳಲಿಲ್ಲ. ಮೊದಲ ಸಿಗ್ನಲ್ಲಿನಲ್ಲಿ ನಿಂತಾಗ ಕ್ಯಾಪ್ಟನ್ ಕೇಳಿದರು.

"ಇವತ್ತು ಎಷ್ಟಕ್ಕೆ ಮುಗೀತು?"

"ಒಂದು ಸೊನ್ನೆ ತಾತ" ಎಂದ ಹುಡುಗ.

ಮುಂದಿನ ಸಿಗ್ನಲ್ಲಿನಲ್ಲಿ ಅವರು ಮತ್ತೆ ಕೇಳಿದರು. ಹುಡುಗ ಮತ್ತೆ ಹೇಳಿದ, ಆಗ ತಾನೇ ಮೊದಲ ಸಲ ಕೇಳಿದರೇನೋ ಎಂಬಂತೆ.